ಸಂಗಮದ ದುಂಡು ಗೋಡೆ ಮತ್ತು ಐದು ಹಂತದ ಪಾಠ

ಕೂಡಲಸಂಗಮಕ್ಕೆ ಹೋದವರಿಗೆ ಈ ದೃಶ್ಯ ಪರಿಚಿತ. ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ ಬಸವಣ್ಣನವರ ಐಕ್ಯಮಂಟಪ ಮುಳುಗದಂತೆ ಸುತ್ತಲೂ ಬಾವಿಯಂತಹ ಕಾಂಕ್ರೀಟ್ ಗೋಡೆ ಕಟ್ಟಲಾಗಿದೆ. ಮೆಟ್ಟಿಲಿಳಿದರೆ ಒಳಗೆ ಮಂಟಪ, ಹೊರಗೆ ನೀರು. ಗೋಡೆ ಚೌಕವಾಗಿಲ್ಲ, ದುಂಡಗಿದೆ. ಏಕೆ?

ದ್ರವದ ಒತ್ತಡದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಅಮೆರಿಕದ ಬಿಎಸ್‌ಸಿಎಸ್ ಸಂಸ್ಥೆಯಲ್ಲಿ ರಾಜರ್ ಬೈಬೀ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ, ನಮ್ಮ ಶಿಕ್ಷಕರು '5ಇ' ಎನ್ನುವ ಮಾದರಿಯಲ್ಲಿ ಮೊದಲ ಹಂತ ತೊಡಗಿಸುವಿಕೆ. ಮಕ್ಕಳು ಊಹಿಸಬೇಕು, ಶಿಕ್ಷಕರು ಉತ್ತರ ಹೇಳಬಾರದು.

ನಂತರ ಅನ್ವೇಷಣೆ. ಪ್ಲಾಸ್ಟಿಕ್ ಬಾಟಲಿಗೆ ಮೂರು ಎತ್ತರಗಳಲ್ಲಿ ತೂತು ಕೊರೆದು ನೀರು ತುಂಬಿದರೆ ಕೆಳಗಿನ ತೂತಿನಿಂದಲೇ ನೀರು ಹೆಚ್ಚು ರಭಸದಿಂದ ಹೊರಡುತ್ತದೆ. ತೆಳು ರಟ್ಟಿನ ಕೊಳವೆ ಹಾಗೂ ಚೌಕ ಪೆಟ್ಟಿಗೆಯ ಸುತ್ತ ಒದ್ದೆ ಮರಳು ಒತ್ತಿದರೆ ಪೆಟ್ಟಿಗೆಯ ಬದಿಗಳು ಮೊದಲು ಒಳಬಾಗುತ್ತವೆ. ಇದನ್ನು ಕಂಡ ಮೇಲೆಯೇ ವಿವರಣೆ: ಆಳ ಹೆಚ್ಚಿದಂತೆ ಒತ್ತಡ ಹೆಚ್ಚು, ದುಂಡು ಗೋಡೆ ಅದನ್ನು ಸುತ್ತಲೂ ಹಂಚಿಕೊಂಡು ಅದುಮಿಸಿಕೊಳ್ಳುತ್ತದೆ, ಬಾಗುವುದಿಲ್ಲ. ಕಾಂಕ್ರೀಟ್ ಅದುಮುವಿಕೆಯನ್ನು ತಾಳಿದಷ್ಟು ಎಳೆತವನ್ನು ತಾಳದು.

ವಿಸ್ತರಣೆಗೆ ಊರಿನ ತೆರೆದ ಬಾವಿಯಿದೆ. ಮೌಲ್ಯಮಾಪನಕ್ಕೆ ವ್ಯಾಖ್ಯೆ ಬೇಡ. ಅಣೆಕಟ್ಟಿನ ಬುಡ ದಪ್ಪವೇಕೆಂದು ಕೇಳಿದರಾಯಿತು.

ತೊಡಕಿರುವುದು ಬೇರೆಡೆ. ಪಠ್ಯ ಮುಗಿಸುವ ಅವಸರದಲ್ಲಿ ಐದು ಹಂತಗಳು ಪಾಠಯೋಜನೆ ಪುಸ್ತಕದ ಐದು ಅಂಕಣಗಳಾಗುತ್ತವೆ; ವಿವರಣೆ ಮುಂದೆ ಬಂದು ಪ್ರಯೋಗ ಬರೀ ಸಾಕ್ಷಿಯಾಗುತ್ತದೆ. ಐದನ್ನೂ ಒಂದೇ ಅವಧಿಯಲ್ಲಿ ಮುಗಿಸಬೇಕಿಲ್ಲ. ಎರಡು-ಮೂರು ಅವಧಿ ಹಿಡಿಯಲಿ. ಸಮಯ ಸಾಲದಿದ್ದರೆ ಬಾವಿಯ ಪ್ರಶ್ನೆಯನ್ನು ಮನೆಗೆ ಕಳುಹಿಸಬಹುದು, ಬಾಟಲಿಯನ್ನಲ್ಲ.