ಬಾದಾಮಿಯ ಒಡಲು, ನೆಕ್ಕರೆಯ ಬೇರು

ಹೊರಗೆ ಎಳ್ಳಷ್ಟೂ ಕಲೆಯಿಲ್ಲದೆ, ಕೇಸರಿ ಬೆರೆತ ಹೊಂಬಣ್ಣದಿಂದ ಶೋಭಿಸುತ್ತ, ತೊಟ್ಟಿನ ಬಳಿ ಸುಗಂಧವನ್ನು ಸೂಸುತ್ತಿರುವ ಆಪೂಸು ಮಾವಿನ ಹಣ್ಣೊಂದನ್ನು ಕೊಯ್ದು ನೋಡಿದರೆ, ಒಳಗೆ ಓಟೆಯನ್ನು ಆವರಿಸಿದ ತಿರುಳು ಬಿಳಿಚಿಕೊಂಡು, ಸಣ್ಣ ಸಣ್ಣ ಗಾಳಿಗುಳಿಗಳಿಂದ ಬೆಂಡಾಗಿ, ಹುಳಿಹುಳಿಯಾದ ಕೆಟ್ಟ ವಾಸನೆಯನ್ನು ಬೀರುತ್ತಿರುವುದುಂಟು. ಸಿಪ್ಪೆಯ ಬಣ್ಣವನ್ನು ಕಂಡಾಗಲಿ, ಬೆರಳಿನಿಂದ ಒತ್ತಿಯಾಗಲಿ, ಮೂಸಿಯಾಗಲಿ ಈ ದೋಷವನ್ನು ಮುಂಚಿತವಾಗಿ ಅರಿಯುವುದು ಬಹುಕಾಲ ಹಣ್ಣಿನ ಮಂಡಿಯಲ್ಲಿ ಪಳಗಿದವರಿಗೂ ಸಾಧ್ಯವಿಲ್ಲ. ಕೊಂಕಣದ ಬೆಳೆಗಾರರು ಇದನ್ನು ‘ಸಾಕಾ’ ಎನ್ನುತ್ತಾರೆ. ವಿಜ್ಞಾನಿಗಳು ಸ್ಪಂಜು ತಿರುಳಿನ ವ್ಯಾಧಿ ಎನ್ನುತ್ತಾರೆ. ವ್ಯಾಧಿಯೆಂದು ಕರೆದರೂ ಇದಕ್ಕೆ ಕಾರಣವಾದ ಶಿಲೀಂಧ್ರವಿಲ್ಲ, ಕೀಟವಿಲ್ಲ, ರೋಗಾಣುವಿಲ್ಲ. ಹೊರಗಿನ ಶತ್ರು ಯಾವುದೂ ಇಲ್ಲದೆ ಹಣ್ಣಿನ ಆಂತರಿಕ ವ್ಯಾಪಾರವೇ ಎಲ್ಲಿಯೋ ದಾರಿತಪ್ಪಿ ಹೀಗಾಗುವುದರಿಂದ ಇದನ್ನು ಶರೀರಕ್ರಿಯಾದೋಷವೆಂದು ಗಣಿಸಲಾಗಿದೆ.

1930ರ ದಶಕದಲ್ಲಿ ಚೀಮಾ ಮತ್ತು ದಾಣಿ ಎಂಬ ತೋಟಗಾರಿಕಾ ತಜ್ಞರು ಇದನ್ನು ಮೊದಲಬಾರಿಗೆ ಶಾಸ್ತ್ರೀಯವಾಗಿ ವರ್ಣಿಸಿದರು. ಅಂದಿನಿಂದ ಇಂದಿನವರೆಗೆ ನಡೆದುಬಂದಿರುವ ಅನ್ವೇಷಣೆಯ ಕಥೆಯು ಒಂದು ಹಣ್ಣಿನ ಕಥೆಯಷ್ಟೇ ಆಗಿ ಉಳಿದಿಲ್ಲ. ಹಣ್ಣಿನ ಉತ್ಕೃಷ್ಟತೆ ಮತ್ತು ಗಿಡದ ಸಹನಶಕ್ತಿ ಎಂಬ ಎರಡು ಗುಣಗಳು ಒಂದೇ ಮರದಲ್ಲಿ ಏಕೆ ಸುಲಭವಾಗಿ ಕೂಡಿಬರುವುದಿಲ್ಲ, ಕೂಡಿಸಬೇಕಾದರೆ ಏನು ಮಾಡಬೇಕು ಎಂಬ ದೊಡ್ಡ ಪ್ರಶ್ನೆಗೆ ಅದು ಒಳ್ಳೆಯ ಪ್ರವೇಶದ್ವಾರವಾಗಿದೆ. ಧಾರವಾಡ ಬೆಳಗಾವಿಗಳಲ್ಲಿ ಆಪೂಸೆಂದೂ, ರಾಮನಗರ ಕೋಲಾರಗಳ ಸೀಮೆಯಲ್ಲಿ ಬಾದಾಮಿಯೆಂದೂ ಕರೆಯಲ್ಪಡುವ ಈ ತಳಿಯಲ್ಲಿ, ಪ್ರತಿಕೂಲ ವರ್ಷಗಳಲ್ಲಿ ನೂರಕ್ಕೆ ಮೂವತ್ತರಷ್ಟು ಹಣ್ಣು ಸಾಕಾದಿಂದ ಕೆಡಬಹುದೆಂದು ಹೇಳುವಾಗ, ಪ್ರಶ್ನೆಯು ವಿದ್ವಾಂಸರದು ಮಾತ್ರವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಹಣ್ಣು ಕೆಡುವ ಬಗೆಯನ್ನು ತಿಳಿಯಬೇಕಾದರೆ ಅದು ಮಾಗುವ ಬಗೆಯನ್ನು ಮೊದಲು ತಿಳಿದಿರಬೇಕಷ್ಟೆ. ಬಲಿತ ಮಾವಿನಕಾಯಿ ಪಿಷ್ಟದ ಭಂಡಾರ. ಅದನ್ನು ಮರದಿಂದ ಇಳಿಸಿ ನೆಲ್ಲುಹುಲ್ಲಿನ ಮೇಲಿಟ್ಟ ಕೆಲವು ದಿನಗಳಲ್ಲಿ ಅದರ ಉಸಿರಾಟವು ಹಠಾತ್ತನೆ ಏರುತ್ತದೆ, ಆ ಏರಿಕೆಯ ಜೊತೆಗೇ ಎಥಿಲೀನ್ ಎಂಬ ಅನಿಲವು ಹಣ್ಣಿನ ಒಡಲಲ್ಲಿಯೇ ಉತ್ಪನ್ನವಾಗುತ್ತದೆ. ಮೆಥಿಯೊನೀನ್ ಎಂಬ ಅಮೈನೋ ಆಮ್ಲದಿಂದ ಎಸಿಸಿ ಎಂಬ ಮಧ್ಯಂತರ ಪದಾರ್ಥವೂ, ಅದರಿಂದ ಎಥಿಲೀನೂ ಹುಟ್ಟುವುದೆಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಶಾಂಗ್ ಫಾ ಯಾಂಗ್ ಮತ್ತು ಅವರ ಸಹೋದ್ಯೋಗಿ ಆಡಮ್ಸ್ 1979ರಲ್ಲಿ ತೋರಿಸಿಕೊಟ್ಟರು. ಈ ಅನಿಲದ ಸಂಜ್ಞೆ ದೊರೆತೊಡನೆ ಅದುವರೆಗೆ ಮೌನವಾಗಿದ್ದ ನೂರಾರು ಜೀನುಗಳು ಎಚ್ಚರಗೊಂಡು, ಅಮೈಲೇಸ್ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ, ಸಿಟ್ರಿಕ್ ಆಮ್ಲವು ವ್ಯಯವಾಗಿ ಹುಳಿ ಇಳಿಯುತ್ತದೆ, ಜೀವಕೋಶಗಳ ಗೋಡೆಗಳನ್ನು ಬೆಸೆದಿದ್ದ ಪೆಕ್ಟಿನ್ ಕರಗಿ ತಿರುಳು ಮೃದುವಾಗುತ್ತದೆ, ಪತ್ರಹರಿತ್ತು ಅಳಿದು ಬೀಟಾ ಕ್ಯಾರೊಟೀನಿನ ಹೊಂಬಣ್ಣವು ಮೇಲೇಳುತ್ತದೆ. ಹಣ್ಣುಗಳನ್ನು ಕೃತಕವಾಗಿ ಮಾಗಿಸುವಲ್ಲಿ ಕ್ಯಾಲ್ಸಿಯಂ ಕಾರ್ಬೈಡನ್ನು ನಮ್ಮ ಆಹಾರ ಕಾನೂನು ನಿಷೇಧಿಸಿ, ಹತ್ತು ಲಕ್ಷ ಭಾಗಕ್ಕೆ ನೂರು ಭಾಗದವರೆಗೆ ಎಥಿಲೀನನ್ನು ಅನುಮತಿಸಿದೆ; ಎಥಿಲೀನು ಹಣ್ಣಿಗೆ ಹೊರಗಿನ ವಸ್ತುವಲ್ಲವಷ್ಟೆ.

ಸಾಕಾ ಹಿಡಿದ ಹಣ್ಣನ್ನು ಈ ಬೆಳಕಿನಲ್ಲಿ ಪರೀಕ್ಷಿಸಿದವರಿಗೆ ಒಂದು ವಿಚಿತ್ರವು ಗೋಚರವಾಯಿತು. ಸಿಪ್ಪೆಯ ಕಡೆಯ ತಿರುಳು ಮಾಗುವಿಕೆಯ ಆಜ್ಞೆಯನ್ನು ಯಥಾವತ್ತಾಗಿ ಪಾಲಿಸಿತ್ತು. ಓಟೆಯ ಕಡೆಯ ತಿರುಳಿನಲ್ಲಾದರೋ ಪಿಷ್ಟವು ಪಿಷ್ಟವಾಗಿಯೇ ಉಳಿದು, ಸಕ್ಕರೆ ಕಡಿಮೆಯಾಗಿ, ಆಮ್ಲವು ಹೆಚ್ಚಾಗಿ, ಬಣ್ಣದ ದ್ರವ್ಯವು ಅಲ್ಪವಾಗಿತ್ತು. ಒಂದೇ ಹಣ್ಣಿನೊಳಗೆ ಎರಡು ರಾಜ್ಯಗಳಿದ್ದಂತೆ ತೋರುವ ಈ ಸ್ಥಿತಿಗೆ ಮೊದಲು ದೊರೆತ ಸಮಾಧಾನ ಉಷ್ಣದ್ದು. ಗುಜರಾತಿನಲ್ಲಿ ಪ್ರಯೋಗ ನಡೆಸಿದ ಕತ್ರೋಡಿಯಾ ಮೊದಲಾದವರು, ಏಪ್ರಿಲ್ ಮೇ ತಿಂಗಳುಗಳ ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯೇ ಕಾಯಿಯ ಒಳತಿರುಳನ್ನು ಕಂದಿಸುವುದೆಂದು ವಾದಿಸಿ, ಮರದಡಿಯಲ್ಲಿ ಹುಲ್ಲು ಬೆಳೆಸುವುದರಿಂದಲೂ ಒಣಎಲೆಯ ಹೊದಿಕೆಯನ್ನು ಹಾಸುವುದರಿಂದಲೂ ದೋಷವು ಇಳಿಯುವುದನ್ನು ಕಂಡರು. ಕಾಯನ್ನು ಪೂರ್ಣ ಬಲಿಯಗೊಡದೆ ಮುಕ್ಕಾಲು ಬಲಿತಾಗಲೇ ಕೊಯ್ದರೆ ಸಾಕಾ ಕಡಿಮೆಯೆಂಬುದೂ ಅನುಭವಕ್ಕೆ ಬಂತು. ಆದರೆ ಅದೇ ಬಿಸಿಲನ್ನು ಉಂಡು ಬೆಳೆಯುವ ನೆರೆಯ ತೋತಾಪುರಿಗೆ ಈ ಬಾಧೆ ಏಕಿಲ್ಲ ಎಂಬ ಪ್ರಶ್ನೆಗೆ ಉಷ್ಣವಾದದಲ್ಲಿ ಉತ್ತರವಿರಲಿಲ್ಲ.

ಆ ಉತ್ತರವನ್ನು ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಿರುಳನ್ನು ಬಿಟ್ಟು ಬೀಜದಲ್ಲಿ ಅರಸಿದರು. ಮಾವಿನ ಬೀಜವು ಭತ್ತ ರಾಗಿಗಳ ಬೀಜದಂತೆ ಒಣಗಿ ವರ್ಷಗಟ್ಟಲೆ ನಿದ್ರಿಸಬಲ್ಲುದಲ್ಲ. ಅದರ ತೇವವು ಆರಿದರೆ ಜೀವವೂ ಆರುವುದು. ಹಣ್ಣು ಉದುರಿದ ಬೆನ್ನಿಗೇ ಮುಂಗಾರು ಬರುವ ನಾಡಿನಲ್ಲಿ ಹುಟ್ಟಿದ ಮರಕ್ಕೆ ಬೀಜದ ದೀರ್ಘನಿದ್ರೆಯ ಅವಶ್ಯಕತೆಯೇ ಇರಲಿಲ್ಲ. ಆದಕಾರಣ ಈ ಬೀಜವು ಸದಾ ಮೊಳೆಯಲು ತುದಿಗಾಲಲ್ಲಿ ನಿಂತಿರುತ್ತದೆ. ಆಪೂಸಿನಲ್ಲಿ ಈ ಆತುರವು ಮಿತಿಮೀರಿ, ಹಣ್ಣು ಇನ್ನೂ ಮರದಲ್ಲಿ ತೂಗುತ್ತಿರುವಾಗಲೇ ಬೀಜದೊಳಗೆ ಮೊಳಕೆಗೆ ಪೂರ್ವಭಾವಿಯಾದ ರಾಸಾಯನಿಕ ಕ್ರಿಯೆಗಳು ಆರಂಭವಾಗುತ್ತವೆಂದೂ, ಅದಕ್ಕೆ ಬೇಕಾದ ನೀರನ್ನು ಬೀಜವು ತನ್ನನ್ನು ಸುತ್ತುವರಿದ ತಿರುಳಿನಿಂದ ಎಳೆದುಕೊಳ್ಳುವುದೆಂದೂ, ಹೀಗೆ ಬರಿದಾದ ತಿರುಳೇ ಸಾಕಾ ಆಗುವುದೆಂದೂ ಅವರ ಅಧ್ಯಯನಗಳು ಸೂಚಿಸಿದವು. ಬೀಜವನ್ನು ಸಂಯಮದಲ್ಲಿಡುವ ಅತಿದೀರ್ಘ ಸರಪಳಿಯ ಮೇದಾಮ್ಲಗಳು ಅಂಥ ಹಣ್ಣಿನ ಬೀಜದಲ್ಲಿ ಕೊರತೆಯಾಗಿರುವುದೂ ಕಂಡುಬಂದು, ಕೊಯ್ಲಿಗೆ ಮುನ್ನವೇ ಕಾಯಿಗೆ ಉಣಿಸುವ ‘ಅರ್ಕಾ ಸಾಕಾ ನಿವಾರಕ’ ಎಂಬ ದ್ರಾವಣವು ಈ ತಿಳಿವಳಿಕೆಯಿಂದ ರೂಪುಗೊಂಡಿತು. ಬಿಸಿಲಿನ ವಾದವೂ ಇದರಿಂದ ಸುಳ್ಳಾಗಲಿಲ್ಲ. ಬೀಜದ ಆತುರವನ್ನು ಉಷ್ಣವು ಪ್ರಚೋದಿಸುವುದೆಂದು ಎರಡನ್ನೂ ಹೊಂದಿಸಿ ನೋಡಬಹುದು.

ಇಲ್ಲಿ ಒಂದು ಮೂಲಭೂತ ವಿರೋಧವು ಬಯಲಾಗುತ್ತದೆ. ಮರದ ದೃಷ್ಟಿಯಲ್ಲಿ ತಿರುಳು ಬೀಜಕ್ಕಾಗಿ ಇರುವ ಸಾಧನ. ಮನುಷ್ಯನ ದೃಷ್ಟಿಯಲ್ಲಿ ಬೀಜವು ತಿರುಳನ್ನು ಉಂಡಾದ ಮೇಲೆ ಎಸೆಯುವ ವಸ್ತು. ಶತಮಾನಗಳಿಂದ ನಾವು ರುಚಿ ಬಣ್ಣ ಕಂಪುಗಳನ್ನೇ ನೋಡಿ ಮರಗಳನ್ನು ಆರಿಸುತ್ತ, ಆರಿಸಿದ್ದನ್ನು ಕಸಿಯ ಮೂಲಕ ಅಚ್ಚಳಿಯದೆ ಉಳಿಸುತ್ತ ಬಂದೆವು. ಬೀಜದ ಗುಣವನ್ನಾಗಲಿ, ಬೇರಿನ ಬಲವನ್ನಾಗಲಿ ಆ ಆಯ್ಕೆಯಲ್ಲಿ ಯಾರೂ ಕೇಳಲಿಲ್ಲ.

ಕೇಳಬೇಕೆಂದು ಹೊರಟ ತಳಿವಿಜ್ಞಾನಿಗೆ ಮಾವಿನಷ್ಟು ನಿಷ್ಠುರವಾದ ಗಿಡ ವಿರಳ. ಒಂದು ಹೂಗೊಂಚಲಿನಲ್ಲಿ ನೂರಾರಿನಿಂದ ಸಾವಿರಾರರವರೆಗೆ ಹೂಗಳಿದ್ದರೂ ಅವುಗಳಲ್ಲಿ ಬಹುಪಾಲು ಗಂಡುಹೂಗಳೇ. ಕೈಯಿಂದ ಪರಾಗವನ್ನು ಮುಟ್ಟಿಸಿದ ದ್ವಿಲಿಂಗಿ ಹೂಗಳಲ್ಲಿಯೂ ಕಾಯಿಕಚ್ಚಿ ಉಳಿಯುವುದು ಬೆರಳೆಣಿಕೆಯಷ್ಟು. ಒಂದು ಹಣ್ಣಿಗೆ ಒಂದೇ ಬೀಜ. ಆ ಬೀಜದಿಂದ ಹುಟ್ಟಿದ ಸಸಿಯು ಫಲ ಕೊಡಲು ಹಲವು ವರ್ಷಗಳ ನಿರೀಕ್ಷೆ. ಇಷ್ಟಾದರೂ ಆಪೂಸನ್ನೂ ಬಂಗನಪಲ್ಲಿಯನ್ನೂ ಕೂಡಿಸಿ ಹೆಸರಘಟ್ಟದಲ್ಲಿ ಅರ್ಕಾ ಪುನೀತ್, ಅರ್ಕಾ ಅರುಣಾ ಎಂಬ ತಳಿಗಳನ್ನೂ, ನೀಲಂ ಮತ್ತು ಆಪೂಸುಗಳಿಂದ ಕೊಂಕಣದ ವೆಂಗುರ್ಲೆಯಲ್ಲಿ ರತ್ನಾ ಎಂಬ ತಳಿಯನ್ನೂ ಸಿದ್ಧಪಡಿಸಲಾಯಿತು. ಇವು ಮೂರೂ ಸಾಕಾ ದೋಷದಿಂದ ಮುಕ್ತವಾದವು. ಅಂದರೆ ಈ ದೋಷವು ವಂಶವಾಹಿಗಳಲ್ಲಿ ಬರೆದದ್ದು, ಬೇರೊಂದು ವಂಶದ ಬೆರಕೆಯಿಂದ ಅದನ್ನು ಅಳಿಸಬಹುದು ಎಂಬುದು ಪ್ರತ್ಯಕ್ಷವಾಗಿ ಸಿದ್ಧವಾಯಿತು.

ಹೀಗಿದ್ದರೂ ಮಾರುಕಟ್ಟೆಯಲ್ಲಿ ಆಪೂಸಿನ ಸಿಂಹಾಸನವು ಕದಲಲಿಲ್ಲ. ಕಾರಣ ಅದರ ಕಂಪು. ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದವರು ಈ ಕಂಪನ್ನು ವಿಶ್ಲೇಷಿಸಿ, ಹಸಿಗಾಯಿಯಲ್ಲಿ ಟರ್ಪೀನ್ ವರ್ಗದ ದ್ರವ್ಯಗಳು ಪ್ರಧಾನವಾಗಿದ್ದು, ಮಾಗಿದಂತೆ ಲ್ಯಾಕ್ಟೋನ್ ಮತ್ತು ಫ್ಯೂರನೋನ್ ಎಂಬ ವರ್ಗದವು ಹೊಸದಾಗಿ ಹೊಮ್ಮಿ ಆಪೂಸಿಗೆ ಅದರ ವ್ಯಕ್ತಿತ್ವವನ್ನು ಕೊಡುವುದನ್ನು ಗುರುತಿಸಿದುದಲ್ಲದೆ, ಅವನ್ನು ತಯಾರಿಸುವ ಕಿಣ್ವಗಳ ಜೀನುಗಳನ್ನೂ ಪ್ರತ್ಯೇಕಿಸಿದ್ದಾರೆ. ಒಂದೇ ತಾಯಿಯಿಂದ ಕಸಿಯಾದ ಆಪೂಸು ಬೇರೆ ಬೇರೆ ಊರುಗಳಲ್ಲಿ ಬೆಳೆದಾಗ ಈ ದ್ರವ್ಯಗಳ ಪ್ರಮಾಣವು ಬೇರೆಬೇರೆಯಾಗುವುದೂ ಅವರ ಅಳತೆಗೆ ಸಿಕ್ಕಿತು. 2020ರಲ್ಲಿ ಇದೇ ಆಪೂಸಿನ ಸಮಗ್ರ ಜೀನೋಮು, ಸುಮಾರು 39 ಕೋಟಿ ಅಕ್ಷರಗಳು ಇಪ್ಪತ್ತು ಜೋಡಿ ವರ್ಣತಂತುಗಳಲ್ಲಿ ಹಂಚಿರುವ ಗ್ರಂಥವು, ಪ್ರಕಟವಾದದ್ದರಿಂದ, ಕಂಪನ್ನು ಉಳಿಸಿಕೊಂಡು ದೋಷವನ್ನು ಮಾತ್ರ ಕಳೆಯುವ ಸಂಕರಗಳನ್ನು ಸಸಿಯ ಎಲೆಯ ಮಟ್ಟದಲ್ಲಿಯೇ ಆರಿಸಿಕೊಳ್ಳುವ ಮಾರ್ಗವು ತೆರೆಯುತ್ತಿದೆ.

ಗುಣದ ಮಾತು ಹೀಗಾದರೆ, ಸಹನೆಯ ಮಾತು ಹೂವಿನಿಂದಲೇ ಆರಂಭವಾಗುತ್ತದೆ. ಮಾವು ಹೂಬಿಡಲು ಎಲೆಗಳು ಕೆಲವು ತಿಂಗಳಾದರೂ ಬಲಿತಿರಬೇಕು, ಜೊತೆಗೆ ರಾತ್ರಿಯ ಚಳಿ ಹದಿನೈದು ಡಿಗ್ರಿಯ ಸುಮಾರಿಗೆ ಇಳಿದರೆ ಹೂವಿನ ಪ್ರೇರಣೆ ಬಲವಾಗುತ್ತದೆ. ಆ ಪ್ರೇರಣೆಯು ಎಲೆಯಲ್ಲಿ ಹುಟ್ಟಿ ಮೊಗ್ಗಿಗೆ ಹರಿಯುವುದೆಂಬುದನ್ನು ಫ್ಲಾರಿಡಾದ ಡೇವನ್‌ಪೋರ್ಟ್ ಮುಂತಾದವರು ಪ್ರಯೋಗದಿಂದ ತೋರಿಸಿದರು. ಚಳಿ ಸಾಲದ ಉಷ್ಣವಲಯದಲ್ಲಿ ಹಿತಮಿತವಾದ ನೀರಿನ ಬರವೇ ಮರದ ಚಿಗುರುವ ಹಂಬಲವನ್ನು ತಡೆದು ಅದನ್ನು ಹೂವಿಗೆ ಸಿದ್ಧಗೊಳಿಸುತ್ತದೆ. ಫಿಲಿಪ್ಪೀನ್ಸಿನಲ್ಲಿ ಮರದಡಿ ಹೊಗೆ ಹಾಕಿ ಹೂ ತರಿಸುತ್ತಿದ್ದ ಸಂಪ್ರದಾಯದ ಸ್ಥಾನದಲ್ಲಿ ಪೊಟ್ಯಾಸಿಯಂ ನೈಟ್ರೇಟಿನ ಸಿಂಪಡಣೆಯನ್ನು ತಂದವರು ರಾಮೋನ್ ಬಾರ್ಬಾ. ನಮ್ಮ ತೋಟಗಳಲ್ಲಿ ಬಳಕೆಯಲ್ಲಿರುವ ಪ್ಯಾಕ್ಲೋಬ್ಯುಟ್ರಜಾಲ್ ಮಾಡುವುದೂ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನನ್ನು ಕುಗ್ಗಿಸುವ ಕೆಲಸವನ್ನೇ. ಆದುದರಿಂದ ಮಾವಿನ ವಿಷಯದಲ್ಲಿ ಕ್ಲೇಶವೆಲ್ಲವೂ ಶತ್ರುವಲ್ಲ: ಹೂವಿಗೆ ಮುಂಚಿನ ಬರ ಹಿತಕರ, ಕಾಯಿ ಹಿಗ್ಗುವಾಗಿನ ಬರ ಮಾರಕ. ಒಂದೇ ಬರವು ಕಾಲಭೇದದಿಂದ ಫಲವನ್ನೂ ನಾಶವನ್ನೂ ತರುವುದರಿಂದ, ಬರಸಹಿಷ್ಣುತೆಯೆಂಬ ಗುಣವನ್ನು ಒಂದು ಜೀನಿನಲ್ಲಿ ಹುಡುಕುವುದು ವ್ಯರ್ಥಪ್ರಯತ್ನ.

ಕಾಲಭೇದವನ್ನು ಮರವು ತಾಳಿಕೊಳ್ಳುವ ಶಕ್ತಿಯು ಬಹುಮಟ್ಟಿಗೆ ಬೇರಿನದು. ಆ ಬೇರು ಆಪೂಸಿನದಲ್ಲ, ಕಸಿಯ ಕೆಳಗಿರುವ ಅನ್ಯಸಸಿಯದು. ಪಶ್ಚಿಮ ಕರಾವಳಿಯ ಕೆಲವು ಮಾವುಗಳಲ್ಲಿ, ನಮ್ಮ ದಕ್ಷಿಣ ಕನ್ನಡದ ನೆಕ್ಕರೆ, ಬಪ್ಪಕಾಯಿ, ಕೇರಳದ ಓಲೂರು, ಕುರುಕ್ಕನ್ ಮೊದಲಾದವುಗಳಲ್ಲಿ, ಒಂದು ಓಟೆಯಿಂದ ಹಲವು ಮೊಳಕೆಗಳು ಹೊರಡುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ಸಂಪರ್ಕವಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದ, ತಾಯಿಯ ತದ್ರೂಪಗಳು. ಕಿತ್ತಳೆ ನಿಂಬೆಗಳ ವರ್ಗದಲ್ಲಿ ಈ ಗುಣಕ್ಕೆ ಕಾರಣವಾದ ಜೀನಿನ ಜ್ಞಾತಿಯೇ ಮಾವಿನಲ್ಲಿಯೂ ಇದೇ ಕಾರ್ಯದಲ್ಲಿ ತೊಡಗಿರುವುದು ಇತ್ತೀಚೆಗೆ ಕಂಡುಬಂದಿದೆ. ತೋಟಗಾರನಿಗೆ ಇದರ ಅರ್ಥ ಬಹು ದೊಡ್ಡದು: ಇಂಥ ಓಟೆಯಿಂದ ಒಂದೇ ಸಮನಾದ ಬೇರುಸಸಿಗಳನ್ನು ಸಾವಿರಗಟ್ಟಲೆ ಪಡೆಯಬಹುದು. ಇಸ್ರೇಲಿನಲ್ಲಿ ಆರಿಸಿದ ‘13-1’ ಎಂಬ ಬೇರುಸಸಿಯು ಸುಣ್ಣದ ಮಣ್ಣನ್ನೂ ಉಪ್ಪುನೀರನ್ನೂ ಸಹಿಸಿ ಅಲ್ಲಿನ ಮಾವಿನ ಬೇಸಾಯಕ್ಕೆ ಆಧಾರವಾಯಿತು. ಉಪ್ಪನ್ನು ತಾಳುವ ಬೇರುಸಸಿಯ ರಹಸ್ಯವು ಮುಖ್ಯವಾಗಿ ಸೋಡಿಯಂ ಕ್ಲೋರೈಡುಗಳನ್ನು ಎಲೆಯವರೆಗೆ ಏರಗೊಡದೆ ಕೆಳಗೇ ತಡೆಯುವುದರಲ್ಲಿದೆ. ಹೆಸರಘಟ್ಟದ ಪ್ರಯೋಗಗಳಲ್ಲಿ ವೆಲ್ಲೈಕೊಲಂಬನ್ ಎಂಬ ಬೇರುಸಸಿಯ ಮೇಲಿನ ಆಪೂಸು ಕುಳ್ಳಾಗಿ, ಹತ್ತಿರ ಹತ್ತಿರ ನೆಡಲು ಯೋಗ್ಯವಾಯಿತು. ತನ್ನ ಹಣ್ಣಿಗೆ ಸಂತೆಯಲ್ಲಿ ಬೆಲೆಯಿಲ್ಲದ ಮರವೊಂದು, ಬೆಲೆಯುಳ್ಳ ಹಣ್ಣಿನ ಮರಕ್ಕೆ ಗಾತ್ರವನ್ನೂ ತಾಳಿಕೆಯನ್ನೂ ಹೀಗೆ ಕೊಡಬಲ್ಲುದು.

ಉತ್ಕೃಷ್ಟತೆಯನ್ನು ಒಂದು ಮರದಿಂದಲೂ ಸಹನೆಯನ್ನು ಇನ್ನೊಂದು ಮರದಿಂದಲೂ ತಂದು ಬೆಸೆಯುವ ಈ ವಿದ್ಯೆ ನಮಗೆ ಹೊಸದಲ್ಲ. ಬೆಸುಗೆಯ ಮೇಲುಭಾಗಕ್ಕೆ ಕೊಟ್ಟ ಲಕ್ಷ್ಯವನ್ನು ಕೆಳಭಾಗಕ್ಕೂ ಕೊಡುವುದೇ ಹೊಸದಾಗಿ ಆಗಬೇಕಾದ ಕೆಲಸ. ನಮ್ಮ ಅನೇಕ ನರ್ಸರಿಗಳಲ್ಲಿ ಇಂದಿಗೂ ತಾಯಿ ಯಾವುದೆಂದು ತಿಳಿಯದ ಓಟೆಗಳನ್ನು ರಾಶಿಯಿಂದ ತಂದು ಮೊಳೆಯಿಸಿ ಅವುಗಳ ಮೇಲೆ ಕಸಿಕಟ್ಟುವ ವಾಡಿಕೆಯಿದೆ. ಒಂದೇ ತೋಟದಲ್ಲಿ ಒಂದು ಮರ ತುಂಬ ಕಚ್ಚಿ ಪಕ್ಕದ್ದು ಬರಿದಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಮುಂದಿನ ಮಳೆಗಾಲದಲ್ಲಿ ಬಾದಾಮಿ ಸಸಿಗಳನ್ನು ಕೊಳ್ಳಲು ಹೋಗುವ ರೈತರು, ಮೇಲಿನ ಕುಡಿ ಯಾವ ಮರದ್ದೆಂದು ವಿಚಾರಿಸುವಷ್ಟೇ ಆಸ್ಥೆಯಿಂದ, ಕೆಳಗಿನ ಬೇರು ಯಾವ ಮರದ್ದೆಂದೂ ವಿಚಾರಿಸಬೇಕು. ಉತ್ತರ ಬಾರದಿದ್ದರೆ ಬೇರೆ ನರ್ಸರಿಯನ್ನು ನೋಡಿಕೊಳ್ಳಬೇಕು.