ಆಫೀಸ್ ಮುಗಿಸಿ ಬಂದ ರಾತ್ರಿಗೆ ಕ್ಯಾಲ್ಜೋನೆ

ರಾತ್ರಿ 8ಕ್ಕೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಹಿಟ್ಟು ಕಲಸಿ, ಅದು ಉಬ್ಬೋವರೆಗೆ ಕಾಯೋದು ಯಾರಿಗೆ ಸಾಧ್ಯ? ಪಿಜ್ಜಾ ನೆನಪಾದ ಕೂಡಲೇ ಕೈ ಫೋನಿನ ಕಡೆ ಹೋಗೋದು ಅದಕ್ಕೇ. ಆದರೆ ಇಡ್ಲಿಗೆ ನಾವು ಹಾಗೆ ಕಾಯಲ್ಲ. ಹಿಂದಿನ ರಾತ್ರಿ ರುಬ್ಬಿಟ್ಟು ಮಲಗ್ತೀವಿ, ಉಳಿದದ್ದು ಅದರ ಪಾಡಿಗೆ ಆಗುತ್ತೆ. ಕ್ಯಾಲ್ಜೋನೆಗೂ ಇದೇ ಲೆಕ್ಕ.

ಕ್ಯಾಲ್ಜೋನೆ ಅಂದರೆ ಇಟಲಿಯ ನೇಪಲ್ಸ್ ಕಡೆಯ ಮಡಚಿದ ಪಿಜ್ಜಾ. ಆ ಪದಕ್ಕೆ ಪ್ಯಾಂಟಿನ ಕಾಲು ಅನ್ನೋ ಅರ್ಥ ಇದೆ. ಅಲ್ಲಿ ಒಳಗೆ ರಿಕೋಟಾ, ಮೊಝರೆಲ್ಲಾ ಚೀಸ್, ಸಲಾಮಿ ತುಂಬುತ್ತಾರೆ. ನೋಡೋಕೆ ನಮ್ಮ ಕರ್ಜಿಕಾಯಿಯ ದೊಡ್ಡಣ್ಣ!

ಹಿಂದಿನ ರಾತ್ರಿ (10 ನಿಮಿಷ)

ಮೈದಾ 2 ಕಪ್ (250 ಗ್ರಾಂ), ಇನ್‌ಸ್ಟಂಟ್ ಯೀಸ್ಟ್ ಅರ್ಧ ಟೀ ಚಮಚ, ಸಕ್ಕರೆ 1 ಟೀ ಚಮಚ, ಉಪ್ಪು ಮುಕ್ಕಾಲು ಟೀ ಚಮಚ, ಎಣ್ಣೆ 1 ದೊಡ್ಡ ಚಮಚ, ನೀರು ಸುಮಾರು 150 ಮಿ.ಲೀ. ಎಲ್ಲ ಸೇರಿಸಿ ಚೆನ್ನಾಗಿ ನಾದಿ. ಎಣ್ಣೆ ಸವರಿದ ದೊಡ್ಡ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಿ. ತಣ್ಣಗಿದ್ದಾಗ ಯೀಸ್ಟ್ ನಿಧಾನವಾಗಿ ಕೆಲಸ ಮಾಡುತ್ತೆ, ಅದಕ್ಕೇ ಮರುದಿನ ಸಂಜೆವರೆಗೂ ಹಿಟ್ಟು ಕೆಡಲ್ಲ. ರುಚಿಯೂ ಹೆಚ್ಚು.

ಮರುದಿನ ಸಂಜೆ

ಮನೆಗೆ ಬಂದ ತಕ್ಷಣ ಹಿಟ್ಟು ಹೊರಗಿಡಿ. ಅದು ಮೆತ್ತಗಾಗೋ ಅರ್ಧ ಗಂಟೆಯಲ್ಲಿ ಹೂರಣ ರೆಡಿ ಆಗುತ್ತೆ. ಈರುಳ್ಳಿ, ಕ್ಯಾಪ್ಸಿಕಂ, ಅಣಬೆಯನ್ನು ಜೋರು ಉರಿಯಲ್ಲಿ ನೀರು ಪೂರ್ತಿ ಆರೋವರೆಗೆ ಹುರಿಯಿರಿ. ಪೂರ್ತಿ ತಣಿದ ಮೇಲೆ ಪುಡಿ ಮಾಡಿದ ಪನೀರ್ 100 ಗ್ರಾಂ, ತುರಿದ ಮೊಝರೆಲ್ಲಾ 100 ಗ್ರಾಂ, ಉಪ್ಪು, ಓರೆಗಾನೋ ಬೆರೆಸಿ. ಹೂರಣ ಒದ್ದೆ ಇದ್ದರೆ ತಳ ಬೇಯಲ್ಲ. ಆದ್ದರಿಂದ ಟೊಮೆಟೊ ಸಾಸ್ ಒಳಗೆ ಬೇಡ, ಪಕ್ಕದಲ್ಲಿ ನೆಂಚಿಕೊಳ್ಳೋಕೆ ಇರಲಿ.

ಹಿಟ್ಟನ್ನು 4 ಉಂಡೆ ಮಾಡಿ, ಚಪಾತಿಗಿಂತ ಸ್ವಲ್ಪ ದಪ್ಪಗೆ ಲಟ್ಟಿಸಿ. ಅರ್ಧ ಭಾಗಕ್ಕೆ ಹೂರಣ ಇಟ್ಟು, ಅಂಚಿಗೆ ನೀರು ಸವರಿ, ಮಡಚಿ, ಫೋರ್ಕ್‌ನಿಂದ ಒತ್ತಿ. ಆವಿ ಹೋಗಲು ಮೇಲೆ ಚಾಕುವಿನಿಂದ ಸಣ್ಣ ಗೀರು ಹಾಕಿ. ಗೀರು ಇಲ್ಲದಿದ್ದರೆ ಅಂಚು ಬಿಟ್ಟು ಚೀಸ್ ಹೊರಗೆ ಬರಬಹುದು.

ಮೊದಲೇ ಬಿಸಿ ಮಾಡಿದ ಓವನ್‌ನಲ್ಲಿ 220 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ಓವನ್ ಇಲ್ವಾ? ದಪ್ಪ ತವಾ ಮೇಲೆ ಎಣ್ಣೆ ಸವರಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಒಂದೊಂದು ಬದಿಗೆ 6-7 ನಿಮಿಷ ಬೇಯಿಸಿ.

ಒಬ್ಬೊಬ್ಬರಿಗೆ ಒಂದೊಂದು

ಪಿಜ್ಜಾ ತರಿಸಿದರೆ ಟಾಪಿಂಗ್ ಯಾವುದು ಅನ್ನೋದೇ ಚರ್ಚೆ. ಇಲ್ಲಿ ಆ ಜಗಳ ಇಲ್ಲ. ಅಮ್ಮನಿಗೆ ಈರುಳ್ಳಿ ಇಲ್ಲದ್ದು, ಮಗುವಿಗೆ ಖಾರ ಇಲ್ಲದ್ದು, ನಿಮಗೆ ಹಸಿಮೆಣಸಿನಕಾಯಿ ಹಾಕಿದ್ದು. ಬೆಂದ ಮೇಲೆ ಎಲ್ಲ ಒಂದೇ ಥರ ಕಾಣುತ್ತವೆ, ಅದಕ್ಕೇ ಗೀರಿನಲ್ಲೇ ಗುರುತು ಮಾಡಿ: ಒಂದು ಗೀರು ಸಪ್ಪೆ, ಎರಡು ಗೀರು ಈರುಳ್ಳಿ ಇಲ್ಲದ್ದು, ಮೂರು ಖಾರ.

ಮನೆಯಲ್ಲಿ ಒಬ್ಬರು ಬರೋದು 10 ಗಂಟೆಗಾ? ಅವರದ್ದನ್ನು ಮಡಚಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಅವರು ಬಂದು ಕೈಕಾಲು ತೊಳೆಯೋ ಹೊತ್ತಿಗೆ ಓವನ್‌ಗೆ ಹಾಕಿ. ಎಷ್ಟೇ ತಡವಾಗಿ ಬಂದರೂ ಬಿಸಿ ಬಿಸಿ ಊಟ ಸಿಗುತ್ತೆ.