ಕೌಟುಂಬಿಕ ನ್ಯಾಯಾಲಯಗಳೂ ಮೊಬೈಲ್ ದಾಖಲೆಗಳೂ

ಜೀವನಾಂಶ, ವಿಚ್ಛೇದನ, ಮಕ್ಕಳ ಪಾಲನೆ ಮೊದಲಾದ ವ್ಯಾಜ್ಯಗಳಲ್ಲಿ ಹಿಂದೆ ನೆರೆಹೊರೆಯವರು ನುಡಿಯುತ್ತಿದ್ದ ಸಾಕ್ಷ್ಯವನ್ನು ಇಂದು ಬಹುಮಟ್ಟಿಗೆ ಮೊಬೈಲು ನುಡಿಯುತ್ತಿರುವದು. ಆದರೆ ಆ ದಾಖಲೆಗಳಲ್ಲಿ ಅನೇಕವು ಕಂಪನಿಗಳ ವಶದಲ್ಲಿದ್ದು, ಅವನ್ನು ಪಡೆಯುವ ದಾರಿಯು ಸಾಮಾನ್ಯರಿಗೆ ತಿಳಿಯದು. ಇದರಿಂದ ನಿಜವಾಗಿ ನೊಂದವರೇ ಸೋಲುವ ಸಂಭವವಿರುವದರಿಂದ ಈ ವಿಷಯವನ್ನು ವಾಚಕರ ಮುಂದಿಡುತ್ತೇವೆ.

ಕಾಯಿದೆಯೇನೋ ಉದಾರವಾಗಿಯೇ ಇದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ 14ನೆಯ ಕಲಮು, ವ್ಯಾಜ್ಯದ ಇತ್ಯರ್ಥಕ್ಕೆ ನೆರವಾಗುವ ಯಾವ ದಾಖಲೆಯನ್ನಾದರೂ ಸ್ವೀಕರಿಸುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿದೆ. ದಂಪತಿಗಳಲ್ಲೊಬ್ಬರು ಗುಟ್ಟಾಗಿ ಮುದ್ರಿಸಿಕೊಂಡ ಸಂಭಾಷಣೆಯೂ ವಿಚ್ಛೇದನದ ಮೊಕದ್ದಮೆಯಲ್ಲಿ ಗ್ರಾಹ್ಯವೆಂದು ಸುಪ್ರೀಂ ಕೋರ್ಟು 2025ರ ಜುಲೈಯಲ್ಲಿ ತೀರ್ಪಿತ್ತಿತು. ಆದರೆ ಈ ಔದಾರ್ಯಕ್ಕೂ ಮೇರೆಯುಂಟು. ಪತಿಯೊಬ್ಬನ ಕೋರಿಕೆಯಂತೆ ಮೂರನೆಯವನ ಮೊಬೈಲ್ ಟವರಿನ ವಿವರಗಳನ್ನು ತರಿಸಲು ಕೆಳಗಿನ ನ್ಯಾಯಾಲಯವು ಮಾಡಿದ್ದ ಆಜ್ಞೆಯನ್ನು ಕರ್ನಾಟಕ ಹೈಕೋರ್ಟು 2022ರಲ್ಲಿ ರದ್ದುಗೊಳಿಸಿತು. ಸಂಶಯವೊಂದನ್ನೇ ಹಿಡಿದು ಪರರ ಬಾಳಿನ ಗೋಪ್ಯವನ್ನು ಕೆದಕಲಾಗದೆಂಬುದು ನಮಗೂ ಸಮ್ಮತವೇ.

ಕಂಪನಿಗಳಿಂದ ಎಲ್ಲವೂ ದೊರೆಯುವದೆಂದು ತಿಳಿಯುವದೂ ಭ್ರಮೆಯೇ. ವಾಟ್ಸಾಪ್ ಕಂಪನಿಯು ತಲುಪಿಸಿದ ಸಂದೇಶಗಳನ್ನು ಸಾಮಾನ್ಯವಾಗಿ ತನ್ನಲ್ಲಿಟ್ಟುಕೊಳ್ಳುವದಿಲ್ಲ. ಸಂದೇಶಗಳ ಒಕ್ಕಣೆಯನ್ನು ಖಾಸಗಿ ವ್ಯಾಜ್ಯಗಾರರಿಗೆ ಒಪ್ಪಿಸದಂತೆ ಅಮೇರಿಕದ ಕಂಪನಿಗಳನ್ನು ಅಲ್ಲಿಯ 1986ರ ಕಾಯಿದೆಯೇ ತಡೆದಿದೆ. ಆದುದರಿಂದ ತಮ್ಮ ಖಾತೆಯ ದಾಖಲೆಗಳನ್ನು ತಾವೇ ಇಳಿಸಿಕೊಳ್ಳುವದೂ, ಎದುರುಪಕ್ಷದವರ ದಾಖಲೆಗಳನ್ನು ಅವರಿಂದಲೇ ಹಾಜರುಪಡಿಸುವಂತೆ ನ್ಯಾಯಾಲಯವನ್ನು ಬೇಡುವದೂ ಯೋಗ್ಯವಾದ ದಾರಿಯು.

ಇನ್ನು ಕಾಲದ ಮಾತು. ಕರೆಗಳ ದಾಖಲೆಗಳನ್ನು ಕನಿಷ್ಠಪಕ್ಷ 2 ವರ್ಷ ಕಾಯ್ದಿಡಬೇಕೆಂದು ಕೇಂದ್ರ ಸರಕಾರವು 2021ರ ಡಿಸೆಂಬರಿನಲ್ಲಿ ಕಟ್ಟಳೆ ಮಾಡಿತು. ವಾಯಿದೆಯ ಮೇಲೆ ವಾಯಿದೆ ಬಿದ್ದು 2 ವರ್ಷಗಳು ಕಳೆದುವೆಂದರೆ, ಆ ಮೇಲೆ ಬರುವ ಆಜ್ಞೆಗೆ ಬೆಲೆಯೇನು? ಹಣವುಳ್ಳವರು ಮೊದಲೇ ಎಚ್ಚರಗೊಳ್ಳುವರು. ಕೂಸನ್ನೆತ್ತಿಕೊಂಡು ತವರು ಸೇರಿದ ಹೆಣ್ಣುಮಗಳಿಗೆ ಈ ಎಚ್ಚರವನ್ನು ಹೇಳುವವರಾರು?

ಆದಕಾರಣ, ಇಂತಿಷ್ಟೇ ದಿನಗಳ, ಇಂತಹವೇ ದಾಖಲೆಗಳನ್ನು ಅಳಿಸದೆ ಕಾದಿರಿಸಬೇಕೆಂದು ಮೊದಲನೆಯ ವಾಯಿದೆಯಲ್ಲಿಯೇ ನ್ಯಾಯಾಧೀಶರು ಅಪ್ಪಣೆ ಮಾಡತಕ್ಕದ್ದು. ಅವುಗಳನ್ನು ಒಪ್ಪಿಸುವದೋ ಬೇಡವೋ ಎಂಬುದು ಉಭಯಪಕ್ಷಗಳ ವಾದವನ್ನು ಕೇಳಿದ ಬಳಿಕ ನಿರ್ಣಯವಾಗಲಿ. 1987ರ ಕಾಯಿದೆಯ ಮೇರೆಗೆ ಉಚಿತ ಕಾನೂನು ನೆರವು ಹೆಣ್ಣುಮಕ್ಕಳ ಹಕ್ಕಾಗಿದೆ. ಅರ್ಜಿಯೊಡನೆಯೇ ಈ ಕೋರಿಕೆಯನ್ನೂ ಬರೆದುಕೊಡುವಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ತಮ್ಮ ವಕೀಲರಿಗೆ ಇಂದೇ ಸೂಚಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ.